ಗಂಡಸಿನ ಹೊಟ್ಟೆಗೂ ಬೀಗಮುದ್ರೆ

ನಮ್ಮೂರ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೆ ಬೀಗಮುದ್ರೆ ಹಾಕಿಸಿದ ಅಧಿಕಾರಿಗಳೇ,

ನಿಮ್ಮ ಜಾಗರೂಕತೆಯಿಂದಾಗಿ ನನ್ನ ಗಂಡ ಯಾವ ದೋಷವೂ ಇಲ್ಲದ ಪಿತ್ತಕೋಶವನ್ನು ಕಳೆದುಕೊಳ್ಳುವವರಿದ್ದರು. ಪ್ರಾಣವೂ ಹೋಗಬಹುದಿತ್ತು. ಆ ಉಪಕಾರವನ್ನು ಬಹಿರಂಗವಾಗಿ ಸ್ಮರಿಸಲು ಈ ಪತ್ರ.

ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನಿನ ಬಗ್ಗೆ ನನಗೆ ತಕರಾರಿಲ್ಲ. ನಾನು ಎರಡು ಹೆಣ್ಣುಮಕ್ಕಳ ತಾಯಿ. ಆದರೆ ಆ ಕಾನೂನಿನಡಿ ಸ್ಕ್ಯಾನಿಂಗ್ ಯಂತ್ರದ ನೋಂದಣಿಯನ್ನು ನವೀಕರಿಸಬೇಕಾದದ್ದು ನಿಮ್ಮದೇ ಕಚೇರಿ. ನಮ್ಮ ವೈದ್ಯರು ಅರ್ಜಿ ಕಳಿಸಿದ್ದರು. ಅದನ್ನು ನೋಡಲು ನಿಮಗೆ ಬಿಡುವಾಗಲಿಲ್ಲ. ನೋಂದಣಿಯಿಲ್ಲವೆಂದು ಕೋಣೆ ಮುಚ್ಚಿಸಲು ಮಾತ್ರ ಖುದ್ದು ದಯಮಾಡಿಸಿದಿರಿ. ಇಂಥ ಕಾರ್ಯದಕ್ಷತೆಗೆ ಯಾವ ಪ್ರಶಸ್ತಿ ಕೊಡಬೇಕು?

ನನ್ನ ಗಂಡ ಪುಟ್ಟಬಸವಯ್ಯ ಕವಲಂದೆಯಲ್ಲಿ ಬಟ್ಟೆ ಹೊಲಿಯುವವರು. ೨೦೦೪ರ ಈ ಬೇಸಿಗೆಯಲ್ಲಿ ಅವರ ಕಣ್ಣು ಹಳದಿಯಾಗಿ, ಬಲ ಪಕ್ಕೆಯಲ್ಲಿ ನೋವು ಶುರುವಾಯಿತು. ಸ್ಕ್ಯಾನ್ ಆಗಲೇಬೇಕೆಂದ ವೈದ್ಯರೇ ಮುಚ್ಚಿದ ಬಾಗಿಲನ್ನೂ ತೋರಿಸಿದರು. ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ತಲೆಯೆತ್ತದೆ ಹೇಳಿದರು:

"ರಿಜಿಸ್ಟ್ರೇಷನ್ ಇಲ್ದೆ ತೆಗೆಯಂಗಿಲ್ಲ ಕಣಮ್ಮ."

"ನಮ್ಮ ಯಜಮಾನ್ರು ಗಂಡಸ್ರು ಸಾ. ಅವ್ರ ಹೊಟ್ಟೇಲಿ ಎಣ್ಣದಾ ಗಂಡದಾ ಅಂತ ಯಾರ್ ನೋಡಾರು?"

"ರೂಲ್ಸಲ್ಲಿ ಗಂಡಸ್ರಿಗೆ ಬ್ಯಾರೆ ಅಂತ ಬರ್ದಿಲ್ಲ."

ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದರೆ ಇದೇ ಇರಬೇಕು.

ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿ ಅವಸರದಲ್ಲಿ ಸ್ಕ್ಯಾನ್ ಮಾಡಿ, ಪಿತ್ತಕೋಶದ ಗೋಡೆ ದಪ್ಪಗಾಗಿದೆ, ಕಲ್ಲಿರಬೇಕು, ನಾಳೆಯೇ ಆಪರೇಷನ್ ಎಂದರು. ನೋವಿಗೆ ಸೋತಿದ್ದ ನನ್ನ ಗಂಡ, "ತೆಗುದ್ಬುಡ್ಲಿ ಬುಡು ಗೌರಿ" ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ನನ್ನ ಹೆಗಲಿಗೆ ಒರಗಿ ನರಳುತ್ತಿದ್ದರು. ತಪ್ಪು ಮಾಡುತ್ತಿದ್ದೇನೋ ಏನೋ ಎಂಬ ಅಳುಕು ನನ್ನನ್ನು ಬಿಡಲಿಲ್ಲ.

ಮೈಸೂರಿನ ವೈದ್ಯೆ ಅವರನ್ನು ಮಗ್ಗುಲಾಗಿ ಮಲಗಿಸಿ ಸಾವಧಾನವಾಗಿ ಸ್ಕ್ಯಾನ್ ಮಾಡಿದರು. "ಕಲ್ಲಿಲ್ಲಮ್ಮ. ಲಿವರ್‌ಗೆ ಸೋಂಕಾಗಿ ಊದಿದೆ. ಅದರ ದೆಸೆಯಿಂದ ಪಿತ್ತಕೋಶದ ಗೋಡೆಯೂ ಊದಿದೆ, ಅಷ್ಟೇ. ಈ ಸ್ಥಿತಿಯಲ್ಲಿ ಕೊಯ್ದಿದ್ರೆ ಉಳಿಸ್ಕೊಳ್ಳೋದು ಕಷ್ಟ ಆಗ್ತಿತ್ತು" ಎಂದರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ವಿಶ್ರಾಂತಿ, ಪಥ್ಯಗಳಲ್ಲಿ ಲಿವರ್ ಸುಧಾರಿಸಿತು. ಪಿತ್ತಕೋಶ ತಾನಾಗಿ ಮೊದಲಿನಂತಾಯಿತು. ಈಗ ಅವರು ಮತ್ತೆ ಹೊಲಿಯಲು ಕೂರುತ್ತಿದ್ದಾರೆ.

ಆದರೆ ಮೈಸೂರಿನವರೆಗೆ ಹೋಗಲಾರದವರ ಗತಿಯೇನು? ಅವರೆಲ್ಲ ನಾಳೆಯ ಆಪರೇಷನ್ನಿಗೆ ಒಪ್ಪಿಕೊಳ್ಳಬೇಕೇ?

ನಮ್ಮ ವೈದ್ಯರ ಅರ್ಜಿಗೆ ಈ ವಾರವೇ ಸಹಿ ಹಾಕಿ, ಕೋಣೆ ತೆರೆಸಿ. ಕಾನೂನು ಮುರಿಯುವವರನ್ನು ಹಿಡಿಯಲು ದಿನವೂ ಬನ್ನಿ. ನಾನೇ ಕುರ್ಚಿ ಹಾಕುತ್ತೇನೆ. ಸಹಿ ಹಾಕಲಾಗದಿದ್ದರೆ ಕಾರಣ ಬರೆದು ಆ ಬಾಗಿಲಿಗೆ ಅಂಟಿಸಿ. ಹೊಟ್ಟೆ ಹಿಡಿದುಕೊಂಡು ಬಂದವರು ಓದಿಕೊಂಡಾದರೂ ಹೋಗಲಿ.

ಇಂತಿ,
ನಿಮ್ಮ ನೆರವಿಲ್ಲದೆಯೇ ಗಂಡನನ್ನು ಉಳಿಸಿಕೊಂಡ
ಮಂಗಳಗೌರಿ, ಕವಲಂದೆ