ಗಾಜು ಒರೆಸಿ ನೋಡು

ಶುಕ್ರವಾರ ಸಂಜೆ

ಅಮ್ಮಾ,

ಕ್ಷೇಮವೇ ಎಂದು ಕೇಳುವಷ್ಟು ಸಮಾಧಾನ ನನಗಿಲ್ಲ, ಕ್ಷಮಿಸು. ಕ್ಷಮಿಸದಿದ್ದರೂ ಸರಿ.

ನನ್ನ ಲೇಖನವನ್ನು ಸಂಶೋಧನಾ ಪತ್ರಿಕೆಯವರು ತಿರುಗಿಸಿ ಕಳಿಸಿದ್ದಾರೆ. ಜೊತೆಗೆ, ಹೆಸರು ಹಾಕದ ಪರೀಕ್ಷಕರೊಬ್ಬರ ಉದ್ದನೆಯ ಟೀಕೆ. ಲೇಖನ ಇರುವುದು ಒಂದು ಪುಟ್ಟ, ತಣ್ಣನೆಯ ಕೆಂಪು ನಕ್ಷತ್ರದ ಬಗ್ಗೆ. ಆಗಾಗ ಅದರ ಬೆಳಕು ಚೂರು ಕುಂದುತ್ತದೆ. ಗ್ರಹವೊಂದು ಅಡ್ಡ ಹಾಯುತ್ತಿದೆ ಅಂತ ನಾನು. ಗ್ರಹವೂ ಇಲ್ಲ ಮಣ್ಣೂ ಇಲ್ಲ, ನಕ್ಷತ್ರದ ಮೈಮೇಲಿನ ಕಲೆಯೇ ತಿರುಗಿ ತಿರುಗಿ ಎದುರಿಗೆ ಬರುತ್ತಿದೆ ಅಂತ ಪರೀಕ್ಷಕರು. ಇರಲಿ, ಅದು ಅವರ ಕೆಲಸ. ಆದರೆ ಕೊನೆಯ ಸಾಲು: "ದೀಪವನ್ನು ಬೈಯುವ ಮೊದಲು ಗಾಜು ಒರೆಸಿ ನೋಡುವುದು ಒಳ್ಳೆಯದು."

ಈ ಮಾತನ್ನು ಇನ್ಯಾರು ಆಡುತ್ತಾರಮ್ಮ? ಲೆಕ್ಕ ತಪ್ಪಿದಾಗ, ಗೆಳತಿಯ ಜೊತೆ ಜಗಳವಾಡಿ ಬಂದಾಗ, ಮದುವೆ ಬೇಡ ಅಂದಾಗ, ಇದನ್ನೇ ಕೇಳಿ ಬೆಳೆದಿದ್ದೇನೆ. ಅಪ್ಪನಿಗೆ ಫೋನ್ ಮಾಡಿದೆ. "ನಿಮ್ಮಮ್ಮನ್ನೇ ಕೇಳು, ನನ್ನನ್ನ ಮಧ್ಯ ಎಳೀಬೇಡ" ಅಂದರು. ಅಷ್ಟು ಸಾಕಾಯಿತು.

ನಕ್ಷತ್ರಗಳನ್ನೇ ಇಷ್ಟು ವರ್ಷ ಓದಿದವಳು ನೀನು, ಲೇಖನ ಪರೀಕ್ಷೆಗೆ ನಿನ್ನ ಹತ್ತಿರವೇ ಬಂದಿದೆ. ನಮ್ಮಿಬ್ಬರ ಅಡ್ಡಹೆಸರು ಬೇರೆ, ತಾಯಿ ಮಗಳು ಅಂತ ಸಂಪಾದಕರಿಗೆ ತಿಳಿಯಲಿಲ್ಲ. ನಿನಗೆ ತಿಳಿದಿತ್ತಲ್ಲ. ಇದು ಮಗಳ ಲೇಖನ, ನಾನು ನೋಡಬಾರದು ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಕಳೆದ ಭಾನುವಾರ ನೀನು ಎದುರಿಗೇ ಕೂತು ನನಗೆ ಊಟ ಬಡಿಸಿದೆ. ಉಪ್ಪು ಸಾಕಾ ಅಂತ ಕೇಳಿದೆ, ಲೇಖನ ಏನಾಯಿತು ಅಂತಲೂ ಕೇಳಿದೆ, ಏನೂ ಅರಿಯದವಳ ಹಾಗೆ. ಈ ಗ್ರಹ ಉಳಿದರೆ ಮಾತ್ರ ನನ್ನ ಕೆಲಸ ಉಳಿಯುತ್ತದೆ ಅಂತ ಗೊತ್ತಿದ್ದೂ ಕೇಳಿದೆ.

ಸಂಪಾದಕರಿಗೆ ದೂರು ಬರೆದಿಟ್ಟಿದ್ದೇನೆ. ಅದು ಹೋದರೆ, ನೀನು ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲು. ಇವತ್ತು ದೂರದರ್ಶಕದವರು ಅದೇ ನಕ್ಷತ್ರವನ್ನು ಕೆಂಪಿನಲ್ಲೂ, ಕಣ್ಣಿಗೆ ಕಾಣದ ಅವಗೆಂಪಿನಲ್ಲೂ ನೋಡುತ್ತಾರೆ. ಕಲೆಯಾದರೆ ಎರಡಕ್ಕೂ ವ್ಯತ್ಯಾಸ ಬರಬೇಕು. ಗ್ರಹವಾದರೆ ಎರಡರಲ್ಲೂ ಒಂದೇ ಅಳತೆಗೆ ಬೆಳಕು ಕುಂದಬೇಕು. ಕುಂದುತ್ತದೆ, ನೋಡುತ್ತಿರು. ಆ ಫಲಿತಾಂಶದ ಸಮೇತ ನಾಳೆ ದೂರು ಕಳಿಸುತ್ತೇನೆ.

ಇತಿ,
ನಿನ್ನ ಮಗಳು
(ನೀನೇ ಇಟ್ಟ ಹೆಸರಿನಲ್ಲಿ ಹೇಳುವುದಾದರೆ, ದುಡುಕಿ)

ತಾ.ಕ.: ಶನಿವಾರ. ಕೆಂಪಿನಲ್ಲಿ ಬೆಳಕು ಚೆನ್ನಾಗಿ ಕುಂದಿದೆ, ಅವಗೆಂಪಿನಲ್ಲಿ ಅದರ ಅರ್ಧವೂ ಇಲ್ಲ. ಕಲೆಯೇ. ಲೇಖನ ವಾಪಸ್ ತೆಗೆದುಕೊಂಡೆ, ದೂರನ್ನು ಹರಿದು ಹಾಕಿದೆ. ಸಿಟ್ಟು ಮಾತ್ರ ಇಳಿದಿಲ್ಲ. ನೀನು ಹೇಳಿದ್ದು ಸರಿಯಾಗಿಯೇ ಇತ್ತು. ಊಟಕ್ಕೆ ಕೂತಾಗ ಹೇಳಿದ್ದರೆ ಅತ್ತು, ಕಿರುಚಾಡಿ, ಒಪ್ಪಿಕೊಳ್ಳುತ್ತಿದ್ದೆ. ಮುಂದಿನ ಸಲ ಬೈದು ಬರೆಯುವಾಗ ಕೆಳಗೆ ಅಮ್ಮ ಅಂತ ಸಹಿ ಹಾಕು.