ಹುಡುಕುತ್ತಿರುವ ನಿನಗೆ, ಅಂಗಿಯಂಗಡಿಯಿಂದ

ಇನ್ನೂ ಮುಖ ಕಾಣದ ಗೆಳತಿಗೆ,

ವಯಸ್ಸು ತಿಳಿಯದವರನ್ನು ‘ನೀವು’ ಎನ್ನುವುದು ಮರ್ಯಾದೆ. ಆದರೆ ಎರಡು ತಿಂಗಳಿಂದ ನಿನ್ನನ್ನೇ ನೆನೆದು ನೆನೆದು ಸಲಿಗೆ ಬೆಳೆದುಬಿಟ್ಟಿದೆ. ತಪ್ಪು ತಿಳಿಯಬೇಡ.

ನನ್ನ ಅಕ್ಕ ದರ್ಜಿ. ಮೂರು ವರ್ಷದ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ ಅವಳ ಎಡ ಸ್ತನ ತೆಗೆದರು. ಮನೆಗೆ ಬಂದ ಮೇಲೆ ಇದ್ದಬದ್ದ ಅಂಗಿಗಳಲ್ಲಿ ಒಂದೂ ಅವಳಿಗೆ ಒಗ್ಗಲಿಲ್ಲ. ತಲೆಯ ಮೇಲಿಂದ ಹಾಕಲು ತೋಳು ಏಳದು, ಕಂಕುಳ ಹೊಲಿಗೆ ಗಾಯಕ್ಕೆ ಉಜ್ಜುವುದು, ಒಂದು ಬದಿ ಜೋಲುವುದು. ಕೊನೆಗೆ ತನಗೆ ತಾನೇ ಒಂದು ಅಂಗಿ ಹೊಲಿದುಕೊಂಡಳು. ಅದು ಮುಂದುಗಡೆ ಪೂರ್ತಿ ತೆರೆಯುತ್ತದೆ, ಕಂಕುಳಲ್ಲಿ ಹೊಲಿಗೆಯೇ ಇಲ್ಲ, ಒಳಗೆ ಹತ್ತಿಯ ಮೆತ್ತೆ ಇಡಲು ಒಂದು ಜೇಬಿದೆ. ಅಂಥದ್ದನ್ನೇ ಬೇರೆಯವರಿಗೂ ಹೊಲಿದು ಮಾರೋಣ, ಒಂದು ವೆಬ್‌ಸೈಟ್ ಮಾಡೋಣ ಎಂದು ಗಂಟುಬಿದ್ದವಳು ನಾನು. ಕಾಲೇಜಿನಲ್ಲಿ ಕವಿತೆ ಪಾಠ ಮಾಡುವವಳಾದ್ದರಿಂದ ಅದರ ಮಾತುಗಳನ್ನೂ ನಾನೇ ಬರೆದೆ.

ಪುಟಗಳಿಗೆ ನಾನಿಟ್ಟ ಹೆಸರು ಕೇಳಿದರೆ ನೀನು ನಗುತ್ತೀ. ‘ಮತ್ತೆ ಚಿಗುರು’, ‘ಬೆಳಕಿನ ಮಡಿಲು’, ‘ಮೌನದ ಮೆತ್ತೆ’. ವೆಬ್‌ಸೈಟುಗಳು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ನಮ್ಮಣ್ಣನ ಮಗಳ ಉದ್ಯೋಗ. ಕೂತಲ್ಲಿ ಕೂರದವಳೆಂದು ಮನೆಯವರೆಲ್ಲ ಅವಳನ್ನು ಗಿರಗಿಟ್ಲೆ ಎನ್ನುತ್ತೇವೆ. ನಾನು ಬರೆದದ್ದನ್ನು ಓದಿ ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮನ ಮುಟ್ಟಿತೆಂದು ನಾನು ಹಿಗ್ಗಿದೆ.

“ನಗು ತಡೆಯೋಕಾಗ್ಲಿಲ್ಲ ಚಿಕ್ಕತ್ತೆ,” ಎಂದಳು. “ಮೌನದ ಮೆತ್ತೆ ಅಂತ ಯಾರು ಹುಡುಕ್ತಾರೆ? ದಿಂಬು ಬೇಕಾದೋರು. ಬೆಳಕಿನ ಮಡಿಲು ಅಂದ್ರೆ ಬಲ್ಬಿನ ಅಂಗಡಿ. ಒಬ್ಬಳು ಗಿರಾಕೀನ ಮನಸ್ಸಲ್ಲಿ ಇಟ್ಕೊಳ್ಳಿ. ಅವಳ ಕೈಲಿ ಫೋನಿದೆ. ಅವಳು ಏನಂತ ಬರೆದು ಹುಡುಕ್ತಾಳೋ ಅದನ್ನೇ ಪುಟದ ಮೇಲೆ ಬರೀರಿ.”

ನೀನು ನನ್ನ ಮನಸ್ಸಿಗೆ ಬಂದದ್ದು ಹಾಗೆ.

ನೀನು ಏನೆಂದು ಬರೆಯುವೆ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಮಾತು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ರೋಗದ ಹೆಸರಾಗಲಿ ಅಂಗದ ಹೆಸರಾಗಲಿ ಅಕ್ಕ ಎತ್ತುವುದಿಲ್ಲ. ಅಂಗಡಿಗೆ ಬರುವವರಿಗೆ ಬೆನ್ನುನೋವೆಂದು ಹೇಳಿದ್ದಾಳೆ. ‘ಸ್ತನ’ ಎಂದು ಬರೆಯದಿದ್ದರೆ ನಾವು ಯಾರಿಗೂ ಸಿಗುವುದಿಲ್ಲ ಎಂದು ಗಿರಗಿಟ್ಲೆ ಹೇಳಿದಾಗ ಅಕ್ಕ ಕತ್ತರಿ ಕೆಳಗಿಟ್ಟಳು.

“ಬರ್ಕೊಳ್ಳಿ. ಹೊಲಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಹಾಲಿನವನಿಂದ ಹಿಡಿದು ಎಲ್ರೂ ನನ್ನ ಮುಖ ಬಿಟ್ಟು ಬೇರೆ ಕಡೆ ನೋಡ್ಲಿ ಅಂತಾನಾ?”

ಅವಳ ಗುಟ್ಟು ಉಳಿದರೆ ನಿನಗೆ ಅಂಗಿ ಸಿಗುವುದಿಲ್ಲ. ನಿನಗೆ ಅಂಗಿ ಸಿಗಬೇಕಾದರೆ ಅವಳ ಗುಟ್ಟು ಉಳಿಯುವುದಿಲ್ಲ. ವೆಬ್‌ಸೈಟ್ ಹಾಗೇ ಬಿದ್ದಿತ್ತು. ಅದರೊಳಗೆ ಬಂದುಹೋಗುತ್ತಿದ್ದವರು ನಾನು ಮತ್ತು ಗಿರಗಿಟ್ಲೆ ಮಾತ್ರ.

ಹೋದ ಭಾನುವಾರ ಬೆಳಿಗ್ಗೆ ಅಂಗಡಿಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಗಿರಗಿಟ್ಲೆ ಹುಡುಕುವ ಜಾಗದಲ್ಲಿ ‘ಸ್ತನ ತೆಗೆದ ಮೇಲೆ’ ಎಂದಷ್ಟೇ ಬರೆದು ನಿಲ್ಲಿಸಿದಳು. ಕೆಳಗೆ ತಾನಾಗಿ ಸಾಲುಗಳು ಮೂಡಿದವು. ಬೇರೆಯವರು ಹಿಂದೆ ಕೇಳಿದ್ದನ್ನೇ ಅದು ಹೀಗೆ ಮುಂದಿಡುತ್ತದಂತೆ. ಹೇಗೆ ಮಲಗುವುದು. ಯಾವಾಗ ಸ್ನಾನ ಮಾಡಬಹುದು. ಯಾವ ಅಂಗಿ ಹಾಕುವುದು. ಮಕ್ಕಳಿಗೆ ಹೇಗೆ ಹೇಳುವುದು.

ಗುಂಡಿ ಹಚ್ಚುತ್ತಿದ್ದ ಅಕ್ಕ ಎದ್ದು ಬಂದು ನಮ್ಮ ಹಿಂದೆ ನಿಂತಳು. “ಯಾರಿವರೆಲ್ಲ?” ಎಂದಳು.

“ಯಾರೋ, ದೊಡ್ಡತ್ತೆ. ಎಷ್ಟೋ ಜನ.”

“ಅಂಗಿ ಕೇಳಿದೋರಿಗೆ ಏನು ಉತ್ತರ ಸಿಕ್ತು?”

ಗಿರಗಿಟ್ಲೆ ಒತ್ತಿ ತೋರಿಸಿದಳು. ಒಂದು ಪುಟದ ತುಂಬ ಔಷಧಿಯ ವಿಚಾರ, ಕೊನೆಯಲ್ಲಿ ‘ಸಡಿಲವಾದ ಉಡುಪು ಧರಿಸಿ’ ಎಂಬ ಒಂದು ಸಾಲು. ಅಕ್ಕನಿಗೆ ರೇಗಿತು. “ಸಡಿಲ ಇದ್ರೆ ಮಡಿಕೆ ಬಿದ್ದು ಇನ್ನೂ ಉಜ್ಜುತ್ತೆ. ಈ ಪುಣ್ಯಾತ್ಮ ಯಾವತ್ತಾದ್ರೂ ಹಾಕಿ ನೋಡಿದಾನಾ?” ಕುರ್ಚಿ ಎಳೆದು ಕೂತು ನನ್ನ ಕಡೆ ತಿರುಗಿದಳು. “ಬರ್ಕೋ. ಸ್ತನ ತೆಗೆದ ಮೇಲೆ ಯಾವ ಅಂಗಿ ಹಾಕೋದು. ಹಾಗೇ ಬರಿ. ನಿನ್ನ ಚಿಗುರು ಗಿಗುರು ಸೇರಿಸ್ಬೇಡ.”

ಆ ಪದವನ್ನು ಅವಳ ದನಿಯಲ್ಲಿ ಮೊದಲ ಸಲ ಕೇಳಿದೆ. ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಳ್ಳುತ್ತಾ ಹೋದೆ. ನೋವಿರುವ ತೋಳನ್ನು ಮೊದಲು ತೂರಿಸಬೇಕು. ಮೆತ್ತೆ ಬೆವರಿಗೆ ಒದ್ದೆಯಾದರೆ ಬದಲಿಸಲು ಇನ್ನೊಂದು ಇರಬೇಕು. ಹೊಲಿದವಳಿಗೂ ಇದೇ ಆಪರೇಷನ್ ಆಗಿದೆಯೆಂದು ಬರೆಯಲೇ ಎಂದು ಅಂಜುತ್ತಲೇ ಕೇಳಿದೆ. ಅಕ್ಕ ಬೆರಳಿಗೆ ದಾರ ಸುತ್ತಿ ಬಿಚ್ಚಿದಳು.

“ಬರಿ. ಇಲ್ಲದಿದ್ರೆ ಅವರು ಯಾಕೆ ನಂಬ್ತಾರೆ?”

ಇದರಿಂದ ಗಿರಗಿಟ್ಲೆಗೆ ಹುರುಪು ಬಂತು. ಒಮ್ಮೆ ನಮ್ಮ ಪುಟ ನೋಡಿದವಳ ಫೋನಿನಲ್ಲಿ ನಮ್ಮ ಅಂಗಿಯ ಜಾಹೀರಾತು ಮತ್ತೆ ಮತ್ತೆ ಬರುವಂತೆ ಮಾಡಬಹುದಂತೆ. ಅವಳು ಸುದ್ದಿ ಓದಲಿ, ಹಾಡು ಕೇಳಲಿ, ಅದು ಬೆನ್ನು ಬಿಡುವುದಿಲ್ಲವಂತೆ. ಮಾರಾಟ ಬೇಗ ಏರುತ್ತದಂತೆ.

“ಅವಳ ಫೋನು ಮಗನ ಕೈಲಿದ್ದಾಗ?” ಎಂದು ಅಕ್ಕ ಕೇಳಿದಳು. “ಅವಳು ಇನ್ನೂ ಯಾರಿಗೂ ಹೇಳಿರಲ್ಲ ಕಣೇ. ಅವಳಿಗಿಂತ ಮುಂಚೆ ನಾವು ಹೇಳೋದಾ?”

ಆ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟೆವು. ಬರೀ ಉತ್ತರ ಬರೆದುಕೊಂಡು ಕೂತರೆ ಹುಡುಕಾಟದಲ್ಲಿ ಮೇಲೆ ಬರಲು ಒಂದು ವರ್ಷವಾದರೂ ಬೇಕು ಎಂದು ಗಿರಗಿಟ್ಲೆ ಗೊಣಗಿದಳು.

“ಆಗ್ಲಿ ಬಿಡು,” ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. “ನಾನು ಇಲ್ಲೇ ಇರ್ತೀನಲ್ಲ.”

ಮೂರು ವರ್ಷದಿಂದ ಮುಂದಿನ ತಿಂಗಳ ಮಾತನ್ನೂ ಆಡದವಳು ಅವಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಗಿರಗಿಟ್ಲೆ ಕನ್ನಡಕ ಒರೆಸುವ ನೆವ ಮಾಡಿದಳು.

ಇವತ್ತು ಬೆಳಿಗ್ಗೆ ಆ ಪುಟ ಹೊರಬಿತ್ತು. ನೀನು ಯಾವಾಗ ಹುಡುಕುತ್ತೀಯೋ ಆಗ ಅದು ಅಲ್ಲಿರುತ್ತದೆ. ಓದಿ ಸುಮ್ಮನೆ ಹೋದರೂ ಬೇಸರವಿಲ್ಲ, ನಾವು ಬೆನ್ನಿಗೆ ಬೀಳುವುದಿಲ್ಲ. ಅಂಗಿ ತರಿಸಿಕೊಂಡರೆ ಪೊಟ್ಟಣದ ಮೇಲೆ ನಿನ್ನ ವಿಳಾಸ ಬಿಟ್ಟು ಬೇರೇನೂ ಇರುವುದಿಲ್ಲ. ಅವಸರವೇನಿಲ್ಲ. ಅಕ್ಕ ಇಲ್ಲೇ ಇರುತ್ತಾಳೆ.

ನಿನ್ನ ಗಾಯ ಬೇಗ ಮಾಗಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ ದಾರಿ ನೋಡುತ್ತಾ,
ಅಂಗಿ ಹೊಲಿಯುವವಳ ತಂಗಿ