ಗಂಟು ಹಾಕಿದ ವೈರುಗಳು

ಅಪ್ಪಾ,

ನೀವು ತೀರಿಹೋದ ಮೇಲೆ ನಮ್ಮ ಗಾಡಿ ರಿಪೇರಿ ಶೆಡ್ಡಿನಲ್ಲೇ ನಿಂತಿದ್ದ ನಿಮ್ಮ ಫೋರ್ ವೀಲ್ ಜೀಪಿನ ವೈರಿಂಗನ್ನು ಇಲಿಗಳು ಕಡಿದಿದ್ದವು. ಇವತ್ತು ಅದನ್ನು ಪೂರ್ತಿ ಕಿತ್ತು ಹೊಸದು ಹಾಕಿದೆ.

ಡ್ಯಾಶ್‌ಬೋರ್ಡಿನ ಹಿಂದೆ ನೀವು ಎಳೆದಿದ್ದ ವೈರುಗಳ ಎರಡೂ ತುದಿಗೆ ದಾರದ ಗಂಟುಗಳಿದ್ದವು. ದೀಪದ ವೈರಿಗೆ ಒಂದು, ಹಾರನ್ನಿನದಕ್ಕೆ ಎರಡು. ಯಾಕೆಂದು ಅಮ್ಮನನ್ನು ಕೇಳಿದೆ.

"ಅವರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣೋದು ಕಣೋ. ನಿಂಗೆ ಹೇಳ್ಬೇಡ ಅಂದಿದ್ರು."

ಹಸಿರು ವೈರಿನ ಜಾಗಕ್ಕೆ ಕೆಂಪು ಎಳೆದಿದ್ದೀರೆಂದು ಅವತ್ತು ಗಿರಾಕಿಗಳ ಎದುರಿಗೇ ನಿಮ್ಮ ಕೈಯಿಂದ ಕಟಿಂಗ್ ಪ್ಲೇಯರ್ ಕಿತ್ತುಕೊಂಡಿದ್ದೆ. "ಕಣ್ಣು ಕಾಣಲ್ವಾ ನಿಮಗೆ?" ಎಂದಿದ್ದೆ. ಮರುದಿನದಿಂದ ನೀವು ಶೆಡ್ಡಿಗೆ ಬರಲಿಲ್ಲ.

ಜೀಪು ಸ್ಟಾರ್ಟಾಯಿತು. ಎಲ್ಲಿಗೂ ಹೋಗಬೇಕೆನಿಸಲಿಲ್ಲ. ಆಫ್ ಮಾಡಿ, ಹಳೆಯ ವೈರುಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಒಂದೊಂದರ ಎರಡೂ ತುದಿಯ ಗಂಟುಗಳನ್ನು ಮುಟ್ಟಿ ಎಣಿಸಿದೆ. ಒಂದೂ ತಪ್ಪಿರಲಿಲ್ಲ.